ಬಾಗಿದ ಬೆನ್ನಿನ ಲೆಕ್ಕ

ದೈಹಿಕ ಶಿಕ್ಷಣವನ್ನೋ ಕ್ರೀಡಾ ವಿಜ್ಞಾನವನ್ನೋ ಓದಲು ಹೊರಟ ಮಕ್ಕಳ ಮನೆಗಳಿಂದ ಈಚೆಗೆ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಓಟವನ್ನು ಓಡಿ ಕಲಿಯಬೇಕು, ಗುಂಡು ಎಸೆತವನ್ನು ಎಸೆದು ಕಲಿಯಬೇಕು. ಅದು ಬಿಟ್ಟು ವಿಶ್ವವಿದ್ಯಾಲಯದವರು ಹುಡುಗರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಪರದೆಯ ಮೇಲೊಂದು ಅಸ್ಥಿಪಂಜರ ನಡೆಯುವುದನ್ನೂ ನೆಗೆಯುವುದನ್ನೂ ತೋರಿಸುತ್ತ ಹೋದರೆ ಮೈದಾನದ ಗತಿಯೇನು? ಮೋಷನ್ ಸಿಮ್ಯುಲೇಶನ್ ಎಂದು ಕರೆಯುವ ಈ ತಂತ್ರದ ಬಗ್ಗೆ ಅನುಮಾನ ಮೂಡುವುದು ಸಹಜ. ದುಬಾರಿ ಸಲಕರಣೆ ತಂದು, ಉದ್ಘಾಟನೆಯ ದಿನ ಫೋಟೊ ತೆಗೆಸಿಕೊಂಡು, ಆಮೇಲೆ ಬೀಗ ಜಡಿದ ಕೊಠಡಿಗಳು ನಮ್ಮ ಶಿಕ್ಷಣ ವ್ಯವಸ್ಥೆಗೆ ಹೊಸವೇನಲ್ಲ. ಆದರೂ ಈ ತಂತ್ರ ಪಾಠಕ್ಕೆ ಬರಬೇಕು, ಬೆಂಗಳೂರಿನ ಕ್ಯಾಂಪಸ್ಸಿಗೆ ಬಂದಂತೆಯೇ ತುಮಕೂರು ಜಿಲ್ಲೆಯ ಹುಳಿಯಾರಿನಂಥ ಊರಿನ ಪದವಿ ತರಗತಿಗೂ ಬರಬೇಕು ಎಂಬುದು ನನ್ನ ವಾದ. ಚಲನೆ ಕಣ್ಣಿಗೆ ಬೀಳುತ್ತದೆ, ಅದನ್ನು ಹುಟ್ಟಿಸುವ ಬಲ ಬೀಳುವುದಿಲ್ಲ. ಆ ಕಾಣದ ಬಲವನ್ನು ಲೆಕ್ಕಕ್ಕೆ ತಂದು, ಹೀಗೆ ಮಾಡುವ ಬದಲು ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಎಂದು, ಯಾರ ಮೊಣಕಾಲನ್ನೂ ಪಣಕ್ಕಿಡದೆ ಕೇಳಿ ನೋಡುವ ಅವಕಾಶ ಸಿಮ್ಯುಲೇಶನ್ನಿನಲ್ಲಿದೆ. ಆ ಕೇಳುವ ಅಭ್ಯಾಸವನ್ನು ಕಲಿಸದೆ ಹೋದರೆ ಮಾತ್ರ ಅದು ಬರೀ ಕಾರ್ಟೂನು.

ಇದಕ್ಕೆ ಒಳ್ಳೆಯ ಸಾಕ್ಷಿ ಕರಾವಳಿಯಲ್ಲಿದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಕೆಸರಿನ ಓಟದ ದಾರಿಯನ್ನು) 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ತ್ರೈರಾಶಿ ಹಾಕಿದರು: 100 ಮೀಟರಿಗೆ 9.55 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ದೇಶವೆಲ್ಲ ಹುಬ್ಬೇರಿಸಿತು, ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಆಯ್ಕೆ ಪರೀಕ್ಷೆಗೆ ಕರೆಸುವುದಾಗಿ ಹೇಳಿದರು. ಗುಣಿಸಿ ಭಾಗಿಸಿದ್ದರಲ್ಲಿ ತಪ್ಪಿರಲಿಲ್ಲ, ತ್ರೈರಾಶಿಗೆ ಒಗ್ಗದ ಓಟವನ್ನು ಅದಕ್ಕೆ ಒಡ್ಡಿದ್ದೇ ತಪ್ಪು. ನಿಂತಲ್ಲಿಂದ ವೇಗ ಹಿಡಿಯುವ ಮೊದಲ ಹೆಜ್ಜೆಗಳಲ್ಲಿ ಓಟಗಾರ ಸಮಯ ಕಳೆದುಕೊಳ್ಳುತ್ತಾನೆ. ದೂರ ಹೆಚ್ಚಿದಾಗ ಆ ನಷ್ಟ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. ಜೊತೆಗೆ ಮುಂದೆ ಎರಡು ಕೋಣ ಎಳೆಯುತ್ತವೆ, ಕೆಳಗೆ ಕೆಸರು ಕಾಲು ಹಿಡಿಯುತ್ತದೆ. ಎಳೆತದಿಂದ ಬಂದ ಲಾಭ ಎಷ್ಟು, ಕೆಸರಿನಿಂದಾದ ನಷ್ಟ ಎಷ್ಟು, ಕಾಲಿನ ಸ್ವಂತ ಸಂಪಾದನೆ ಎಷ್ಟು? ಇದನ್ನು ಗಡಿಯಾರ ಹೇಳಲಾರದು, ವಿಡಿಯೊ ಕೂಡ ಹೇಳಲಾರದು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ ಹೆಚ್ಚು, ಟ್ರ್ಯಾಕಿನಲ್ಲಿ ಬೆರಳುಗಳಿಗೆ ಹೆಚ್ಚು ಎಂಬ ವ್ಯತ್ಯಾಸವನ್ನು ಗೌಡರೇ ಅಂದು ಹೇಳಿದ್ದರು. ಆ ಗದ್ದಲದಲ್ಲಿ ವಿಜ್ಞಾನಕ್ಕೆ ಅತಿ ಹತ್ತಿರವಿದ್ದ ಮಾತು ಅದೇ. ಹಗ್ಗಕ್ಕೆ ಬಲ ಅಳೆಯುವ ಸಾಧನ ಕಟ್ಟಿ, ಓಟವನ್ನು ಚಿತ್ರೀಕರಿಸಿ, ಕಂಪ್ಯೂಟರಿನೊಳಗೆ ಕೋಣಗಳನ್ನು ಬಿಚ್ಚಿ ಓಡಿಸಿದ್ದರೆ ಆ ಮಾತನ್ನು ಪರೀಕ್ಷೆಗೆ ಒಡ್ಡಬಹುದಿತ್ತು. ಕ್ರೀಡಾ ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗುವುದು ಕಷ್ಟ.

ಕೆಲಸ ನಡೆಯುವ ಬಗೆ ಹೀಗೆ. ಮೈಮೇಲೆ ಕೀಲುಗಳ ಬಳಿ ಬೆಳಕನ್ನು ಪ್ರತಿಫಲಿಸುವ ಸಣ್ಣ ಗುಂಡುಗಳನ್ನು ಅಂಟಿಸಿ, ಸುತ್ತಲೂ ನಿಲ್ಲಿಸಿದ ಇನ್‌ಫ್ರಾರೆಡ್ ಕ್ಯಾಮೆರಾಗಳಿಂದ ಪ್ರತಿಯೊಂದು ಗುಂಡಿನ ಜಾಗವನ್ನೂ ಸೆಕೆಂಡಿಗೆ ನೂರಾರು ಸಲ ಗುರುತು ಹಾಕಿಕೊಳ್ಳುತ್ತಾರೆ. ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟ್ ಎಂಬ ಹಲಗೆ, ಪಾದವು ನೆಲವನ್ನು ಎಷ್ಟು ಬಲದಿಂದ, ಯಾವ ದಿಕ್ಕಿಗೆ ಒತ್ತಿತು ಎಂದು ದಾಖಲಿಸುತ್ತದೆ. ಅಳತೆ ಇಲ್ಲಿಗೆ ಮುಗಿಯಿತು, ಮುಂದಿನದೆಲ್ಲ ಲೆಕ್ಕ. ನ್ಯೂಟನ್ನನ ನಿಯಮಗಳನ್ನು ಹಿಂದುಮುಂದಾಗಿ ನಡೆಸಿ, ಇಂಥ ಚಲನೆ ಆಗಬೇಕಾದರೆ ಮೊಣಕಾಲಿನಲ್ಲಿ, ಸೊಂಟದಲ್ಲಿ ಎಷ್ಟು ತಿರುಗುಬಲ ಬೇಕಿತ್ತು ಎಂದು ಕಂಪ್ಯೂಟರ್ ಕಂಡುಹಿಡಿಯುತ್ತದೆ. ಅದಾದ ಮೇಲಿನ ಹೆಜ್ಜೆ ಊಹೆಯದು. ಒಂದೇ ಕೀಲನ್ನು ಹತ್ತಾರು ಸ್ನಾಯುಗಳು ಎಳೆಯುವಾಗ ಯಾವುದು ಎಷ್ಟು ಎಳೆಯಿತು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದೇಹ ಆದಷ್ಟು ಕಡಿಮೆ ಶ್ರಮದಲ್ಲಿ ಕೆಲಸ ಮುಗಿಸುತ್ತದೆ ಎಂದು ನಂಬಿಕೊಂಡು ತಂತ್ರಾಂಶ ಹಂಚಿಕೆ ಮಾಡುತ್ತದೆ. ಸ್ನಾಯುವಿನ ನಡವಳಿಕೆಗೆ ಅದು ಆಧರಿಸುವುದು ಎ.ವಿ. ಹಿಲ್ ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ಮಾಡಿ 1938ರಲ್ಲಿ ಪ್ರಕಟಿಸಿದ ನಿಯಮವನ್ನು: ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದರ ಬಲ ಕಡಿಮೆ. ಜರ್ಮನಿಯಲ್ಲಿ ಬ್ರೌನೆ ಮತ್ತು ಫಿಶರ್ ಎಂಬಿಬ್ಬರು ಮನುಷ್ಯನ ಕೆಲವೇ ಹೆಜ್ಜೆಗಳ ನಡಿಗೆಯನ್ನು ಕೈಯಿಂದ ಲೆಕ್ಕ ಹಾಕಿ, 1895ರಿಂದ 1904ರವರೆಗೆ ಕಂತು ಕಂತಾಗಿ ಪ್ರಕಟಿಸಿದರು. ಆ ಬಗೆಯ ಲೆಕ್ಕವನ್ನು ಇಂದು ಒಂದು ಸಾಧಾರಣ ಲ್ಯಾಪ್‌ಟಾಪ್ ನಿಮಿಷಗಳಲ್ಲಿ ಮಾಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ಹೊರತಂದ ಓಪನ್‌ಸಿಮ್ ಎಂಬ ತಂತ್ರಾಂಶ ಎಲ್ಲರಿಗೂ ಉಚಿತ.

ಅಳತೆ ಯಾವುದು, ಲೆಕ್ಕ ಯಾವುದು, ಊಹೆ ಯಾವುದು ಎಂದು ಬಿಡಿಸಿ ಹೇಳಲು ಬಂದರೆ ವಿದ್ಯಾರ್ಥಿ ಅರ್ಧ ಕ್ರೀಡಾ ವಿಜ್ಞಾನಿಯಾದಂತೆ. ಬರಿಗಣ್ಣನ್ನು ಮಾತ್ರ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕ್ರಿಕೆಟ್ಟೇ ಉದಾಹರಣೆ. ಬೌಲಿಂಗ್ ಮಾಡುವಾಗ ಮೊಣಕೈ ನೆಟ್ಟಗಾಗಬಾರದು ಎಂಬುದು ಹಳೆಯ ಕಾಯಿದೆ. ಅಂಪೈರ್ ಕಣ್ಣಿಗೆ ಕಂಡರೆ ನೋಬಾಲ್. ಪ್ರಯೋಗಾಲಯದ ಕ್ಯಾಮೆರಾಗಳು ಬಂದ ಮೇಲೆ ತಿಳಿದದ್ದೇನೆಂದರೆ, ಶುದ್ಧ ಶೈಲಿಯವರೆಂದು ಹೆಸರಾದವರೂ ಸೇರಿ ಬಹುಪಾಲು ಬೌಲರುಗಳ ಮೊಣಕೈ ಒಂದಷ್ಟು ಡಿಗ್ರಿ ನೆಟ್ಟಗಾಗುತ್ತದೆ. 2005ಕ್ಕೆ ಮೊದಲು ಸ್ಪಿನ್ನರಿಗೆ 5, ಮಧ್ಯಮ ವೇಗಿಗೆ 7.5, ವೇಗಿಗೆ 10 ಡಿಗ್ರಿ ಎಂಬ ಮಿತಿಗಳಿದ್ದವು. 2005ರಲ್ಲಿ ಐಸಿಸಿ ಅವನ್ನೆಲ್ಲ ತೆಗೆದು ಎಲ್ಲರಿಗೂ 15 ಡಿಗ್ರಿ ಎಂದಿತು. ಶ್ರೀಲಂಕಾದ ಸ್ಪಿನ್ನರ್ ಮುರಳೀಧರನ್ ಚೆಂಡನ್ನು ಎಸೆಯುತ್ತಾರೆ ಎಂಬ ಆರೋಪಕ್ಕೆ ಕಣ್ಣಂದಾಜಿನ ಬದಲು ಅಂಕಿಯಲ್ಲಿ ಉತ್ತರ ಕೊಡುವುದು ಸಾಧ್ಯವಾದದ್ದು ಇಂಥ ಅಳತೆಗಳಿಂದಲೇ. ಆ 15 ಡಿಗ್ರಿ ಸರಿಯೇ ತಪ್ಪೇ ಎಂಬ ಜಗಳ ಇನ್ನೂ ಮುಗಿದಿಲ್ಲ, ಆದರೆ ಜಗಳಕ್ಕೆ ಈಗ ಕಾಲೂರಲು ನೆಲವಿದೆ. ನಾಳೆ ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಿ ನಿಂತು, ಒಬ್ಬ ಹುಡುಗನ ಬೌಲಿಂಗನ್ನು ಎಸೆತ ಎಂದು ಕರೆದು ಅವನ ಆಸೆಯನ್ನೇ ಚಿವುಟಬಲ್ಲ ಅಧಿಕಾರ ಪಡೆಯುವವರಿಗೆ ಈ ಪಾಠ ಬೇಡವೇ?

ಪಠ್ಯದಲ್ಲಿ ಇದಕ್ಕೆ ಜಾಗ ಇಲ್ಲದಿಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಬಿ.ಪಿ.ಇಡಿ. ಪದವಿಯನ್ನು ಎರಡು ವರ್ಷಕ್ಕೆ ಏರಿಸಿದಾಗಿನ ಪಠ್ಯಕ್ರಮದಲ್ಲಿ ಕಿನಿಸಿಯಾಲಜಿ ಮತ್ತು ಬಯೋಮೆಕ್ಯಾನಿಕ್ಸ್ ಎಂಬ ಪತ್ರಿಕೆಯಿದೆ. ಮಣಿಪಾಲದಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನಕ್ಕೆಂದೇ ವಿಭಾಗವಿದೆ. ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲೂ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲೂ ಕ್ರೀಡಾಪಟುಗಳ ಚಲನೆಯನ್ನು ವೈಜ್ಞಾನಿಕವಾಗಿ ನೋಡುವ ವ್ಯವಸ್ಥೆ ಇದೆ. ಆದರೆ ಅಲ್ಲಿಗೆ ಹೋಗುವವರು ಆಗಲೇ ಗೆದ್ದವರು, ಇಲ್ಲವೇ ಗೆಲ್ಲುವ ಲಕ್ಷಣ ತೋರಿದವರು. ತಾಲ್ಲೂಕು ಶಾಲೆಗಳಿಗೆ ಮೇಷ್ಟ್ರಾಗಿ ಹೋಗುವವರು ಓದುವ ಕಡೆ ಆ ಪತ್ರಿಕೆ ಮೂರು ಬಗೆಯ ಸನ್ನೆಕೋಲುಗಳ ಚಿತ್ರ ಬಿಡಿಸುವುದರಲ್ಲೇ ಮುಗಿದುಹೋಗುವ ಅಪಾಯವಿದೆ. ಚಿತ್ರ ಬಾಯಿಪಾಠವಾಗುತ್ತದೆ, ಆದರೆ ಅದೇ ಸನ್ನೆಕೋಲು ತನ್ನ ಬೆನ್ನಿನಲ್ಲೇ ಇದೆ ಎಂಬುದು ವಿದ್ಯಾರ್ಥಿಗೆ ಹೊಳೆಯುವುದಿಲ್ಲ.

ಹೊಳೆಯಬೇಕಾದರೆ ಪಾಠ ಈ ನೆಲದಿಂದಲೇ ಏಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟದಿಂದ ಇಳಿಸಿದ ತೆಂಗಿನಕಾಯಿಯನ್ನು ಸುಲಿಯುವವರನ್ನು ನೋಡಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಕಾಯಿಯನ್ನು ಕುಕ್ಕಿ, ತಿರುಚಿ, ಮಟ್ಟೆ ಬಿಡಿಸಿ, ಮುಂದಿನ ಕಾಯಿಗೆ ಕೈ ಹಾಕುತ್ತಾರೆ. ಕೂಲಿ ಕಾಯಿ ಲೆಕ್ಕದ್ದಾದರೆ ನಿಲ್ಲುವ ಮಾತೇ ಇಲ್ಲ. ಸಂಜೆಗೆ ನೋಯುವುದು ಸೊಂಟ. ಯಾಕೆ ಎಂದರೆ ಕಾಯಿ ಎತ್ತಿ ಎತ್ತಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಬೆನ್ನಿನ ಕೆಳಭಾಗದ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಎಳೆಯುತ್ತವೆ. ಕಾಯಿ 1 ಕೆಜಿ ತೂಗುತ್ತದೆ, ಸೊಂಟದಿಂದ 50 ಸೆಂಟಿಮೀಟರ್ ಮುಂದಿದೆ ಎಂದುಕೊಳ್ಳಿ: ಅದನ್ನು ಸರಿದೂಗಿಸಲು ಬೆನ್ನು ಎಳೆಯಬೇಕಾದದ್ದು 10 ಕೆಜಿಯ ಬಲ. ಇನ್ನು ದೇಹವನ್ನೇ ನೋಡಿ. 60 ಕೆಜಿಯ ಮನುಷ್ಯನ ಸೊಂಟದಿಂದ ಮೇಲಿನ ಭಾಗ 30 ಕೆಜಿಯಾದರೂ ಇರುತ್ತದೆ. ಬಾಗಿದಾಗ ಅದರ ತೂಕದ ನಡು 25 ಸೆಂಟಿಮೀಟರ್ ಮುಂದೆ ಹೋದರೆ ಬೆನ್ನು ಎಳೆಯಬೇಕಾದದ್ದು 150 ಕೆಜಿಯ ಬಲ. ಬೆನ್ನು ಹೊರುತ್ತಿರುವ ಭಾರದಲ್ಲಿ ಕಾಯಿಯ ಪಾಲು ಜುಜುಬಿ. ಉಳಿದದ್ದೆಲ್ಲ ಬಾಗಿದ ಮೈಯದೇ. ಮೊನೆಯನ್ನು ಸ್ವಲ್ಪ ಎತ್ತರಿಸಿ ಆ 25 ಸೆಂಟಿಮೀಟರನ್ನು 15ಕ್ಕೆ ಇಳಿಸಿದರೆ ಬಲ 90 ಕೆಜಿಗೆ ಬರುತ್ತದೆ. ಕಾಯಿಯನ್ನು ಪೂರ್ತಿ ತೆಗೆದುಹಾಕಿದರೂ ಉಳಿತಾಯವಾಗುವುದು 10 ಕೆಜಿ, ಮೊನೆ ಎತ್ತರಿಸಿದರೆ ಉಳಿತಾಯವಾಗುವುದು 60.

ಇಷ್ಟು ಕಾಗದದ ಮೇಲೇ ಆಗುವುದಾದರೆ ಸಿಮ್ಯುಲೇಶನ್ ಯಾಕೆ ಬೇಕು? ಈ ಒರಟು ಲೆಕ್ಕ ಎಡವುವ ಜಾಗದಲ್ಲೇ ಅದರ ಅಗತ್ಯ ಹುಟ್ಟುತ್ತದೆ. ಕಾಯಿಯನ್ನು ಮೊನೆಗೆ ಒತ್ತುವಾಗ ಮೊನೆಯೂ ಕೈಯನ್ನು ಮೇಲಕ್ಕೆ ಒತ್ತುತ್ತದೆ. ಆ ಕ್ಷಣ ಮೈಯ ಭಾರದ ಒಂದು ಪಾಲನ್ನು ಕಬ್ಬಿಣವೇ ಹೊರುವುದರಿಂದ ಬೆನ್ನಿಗೆ ಬಿಡುವು ಸಿಗಬಹುದು. ಮರುಕ್ಷಣ ತಿರುಚುವಾಗ ಬೆನ್ನಿನ ಮೇಲೆ ಬೇರೆಯೇ ಬಗೆಯ ಒತ್ತಡ ಬೀಳುತ್ತದೆ. ಮೊನೆ ಎತ್ತರವಾದಷ್ಟೂ ಮೈಭಾರ ಹಾಕಿ ಕುಕ್ಕಲು ಆಗದೆ ಭುಜವೂ ಮೊಣಕೈಯೂ ದುಡಿಯಬೇಕಾಗುತ್ತದೆ. ಸೊಂಟದಿಂದ ಇಳಿಸಿದ ನೋವು ಹೆಗಲಿಗೆ ಏರಬಹುದು. ಹಾಗಾದರೆ ಐದಡಿಯವರಿಗೆ ಎಷ್ಟು ಎತ್ತರ ಸರಿ, ಆರಡಿಯವರಿಗೆ ಎಷ್ಟು? ಹತ್ತು ಎತ್ತರದ ಮೊನೆ ನೆಟ್ಟು, ದುಡಿದು ದಣಿದವರನ್ನು ಕರೆಸಿ, ಯಾರ ಸೊಂಟ ಯಾವಾಗ ಹಿಡಿಯುತ್ತದೆ ನೋಡೋಣ ಎನ್ನುವುದು ಅಮಾನವೀಯ. ಒಬ್ಬರ ಚಲನೆಯನ್ನು ಒಪ್ಪಿಗೆ ಪಡೆದು ಅಳೆದು, ಉಳಿದ ಎತ್ತರಗಳನ್ನು ಕಂಪ್ಯೂಟರಿನಲ್ಲಿ ಪ್ರಯತ್ನಿಸಿ, ಭರವಸೆ ಹುಟ್ಟಿಸಿದ ಒಂದೆರಡನ್ನು ಮಾತ್ರ ನೆಲದ ಮೇಲೆ ಪರೀಕ್ಷಿಸುವುದು ಸರಿಯಾದ ಕ್ರಮ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಕೆಲಸಗಾರರ ತೋಳಿಗೆ ಸಣ್ಣ ಬಲ್ಬುಗಳನ್ನು ಕಟ್ಟಿ ಚಿತ್ರ ತೆಗೆದರು. ನುರಿತ ಕೈಯಲ್ಲಿ ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತಿತ್ತು, ಆದರೆ ಭುಜ ಮೊಣಕೈಗಳು ಸಾಗಿದ ದಾರಿ ಪ್ರತಿ ಸಲವೂ ಬೇರೆ. ಕಾಯಿ ಸುಲಿಯುವ ಕೈಯೂ ಹಾಗೆಯೇ ಇರಬೇಕು. ಒಂದು ಕಾಯಿಯಂತೆ ಇನ್ನೊಂದಿಲ್ಲ. ಹಾಗಾಗಿ ಒಂದೇ ಒಂದು ಸುಲಿತವನ್ನು ಅಳೆದು ಇದೇ ಸರಿಯಾದ ಭಂಗಿ ಎಂದು ಷರಾ ಬರೆಯುವ ವಿದ್ಯಾರ್ಥಿಗೆ ಅಂಕ ಕೊಡಬಾರದು.

ಮೊದಲ ಆಕ್ಷೇಪ ದುಡ್ಡಿನದು. ಕ್ಯಾಮೆರಾ, ಫೋರ್ಸ್ ಪ್ಲೇಟ್ ಇರುವ ಪೂರ್ಣ ಪ್ರಯೋಗಾಲಯ ತಾಲ್ಲೂಕು ಕಾಲೇಜಿನ ಕೈಗೆ ಎಟಕುವುದಿಲ್ಲ, ಎಟಕಬೇಕಾಗಿಯೂ ಇಲ್ಲ. ಇಂದಿನ ಎಷ್ಟೋ ಫೋನುಗಳು ಸೆಕೆಂಡಿಗೆ 120 ಅಥವಾ 240 ಚಿತ್ರ ತೆಗೆಯುತ್ತವೆ. ಕಿನೋವಿಯ ಎಂಬ ಉಚಿತ ತಂತ್ರಾಂಶದಲ್ಲಿ ಆ ವಿಡಿಯೊ ಹಾಕಿ ಮೊಣಕಾಲಿನ, ಸೊಂಟದ ಕೋನ ಅಳೆಯಬಹುದು. ಸ್ಟ್ಯಾನ್‌ಫರ್ಡ್ ಸಂಶೋಧಕರ ಓಪನ್‌ಕ್ಯಾಪ್ ಎರಡು ಫೋನುಗಳ ವಿಡಿಯೊದಿಂದ ಮೂರು ಆಯಾಮದ ಚಲನೆಯನ್ನು ಕಟ್ಟಿ, ಸ್ನಾಯು ಲೆಕ್ಕಕ್ಕೆ ಸಿದ್ಧಪಡಿಸಿ ಕೊಡುತ್ತದೆ. ಅದಕ್ಕೆ ಐಫೋನೋ ಐಪ್ಯಾಡೋ ಬೇಕೆಂಬ ತೊಡಕಿದೆ, ಆದರೆ ವಿಭಾಗಕ್ಕೆ ಎರಡು ಫೋನ್ ಕೊಳ್ಳುವುದು ಅಸಾಧ್ಯವೇನಲ್ಲ. ಇಂಥ ವಿಧಾನದಲ್ಲಿ ಕೋನ ಕೆಲವು ಡಿಗ್ರಿ ತಪ್ಪುತ್ತದೆ, ನಿಜ. 15 ಡಿಗ್ರಿಯ ಗೆರೆಯ ಮೇಲೆ ಒಬ್ಬ ಬೌಲರಿನ ಭವಿಷ್ಯ ನಿಂತಿರುವಾಗ ಆ ತಪ್ಪು ಸಹಿಸುವಂಥದ್ದಲ್ಲ. ಆದರೆ 150 ಕೆಜಿಯೋ 90 ಕೆಜಿಯೋ ಎಂದು ಕೇಳುವಾಗ ಅದು ಉತ್ತರವನ್ನು ಬುಡಮೇಲು ಮಾಡುವುದಿಲ್ಲ. ಯಾವ ಪ್ರಶ್ನೆಗೆ ಎಷ್ಟು ನಿಖರತೆ ಸಾಕು ಎಂದು ತೂಗಿ ನೋಡುವುದನ್ನು ಕಲಿಸಲು ಅಗ್ಗದ ಉಪಕರಣವೇ ಒಳ್ಳೆಯದು. ತಪ್ಪು ಕಣ್ಣೆದುರೇ ಇರುತ್ತದೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಈ ಮಾದರಿಗಳು ನಮ್ಮ ದೇಹದವಲ್ಲ. ಓಪನ್‌ಸಿಮ್‌ನಲ್ಲಿ ಬಹಳ ಮಂದಿ ಮೊದಲು ತೆರೆಯುವ ನಡಿಗೆಯ ಮಾದರಿ, ಸುಮಾರು 1.8 ಮೀಟರ್ ಎತ್ತರದ, 75 ಕೆಜಿ ತೂಕದ ಒಬ್ಬ ಮನುಷ್ಯ. ಕಾಲು ಮತ್ತು ಮುಂಡದ 76 ಸ್ನಾಯುಗಳನ್ನು ಅದರಲ್ಲಿ 92 ಎಳೆಗಳಾಗಿ ಕಟ್ಟಿದ್ದಾರೆ. ನಮ್ಮ ಕಾಲೇಜಿನ ಐದಡಿಯ ಖೊಖೊ ಆಟಗಾರ್ತಿಗೆ ಅದನ್ನು ಕುಗ್ಗಿಸಿ ತೊಡಿಸಿದರೆ ಮೂಳೆಯ ಉದ್ದ ಹೊಂದಬಹುದು, ಸ್ನಾಯುವಿನ ಶಕ್ತಿ ಹೊಂದುತ್ತದೆಂಬ ಭರವಸೆ ಇಲ್ಲ. ಇನ್ನೂ ಮಜದ ಸಂಗತಿ: ಆ ಮಾದರಿಯ ಮೊಣಕಾಲನ್ನು ಸುಮಾರು 120 ಡಿಗ್ರಿಯವರೆಗೆ ಮಡಚುವಂತೆ ಮಾತ್ರ ಕಟ್ಟಲಾಗಿದೆ. ಕುಕ್ಕರುಗಾಲಲ್ಲಿ ಕೂರುವುದು, ಖೊಖೊದಲ್ಲಿ ಸಾಲಿನಲ್ಲಿ ಮಡಚಿ ಕೂತಲ್ಲಿಂದ ಚಿಮ್ಮುವುದು ಅದನ್ನು ದಾಟುತ್ತವೆ. ಅಂದರೆ ನಮ್ಮ ಹಳ್ಳಿಯಲ್ಲಿ ಅಜ್ಜಿ ಕೂರುವ ಹಾಗೆ ಆ ಮಾದರಿಗೆ ಕೂರಲು ಬರುವುದಿಲ್ಲ. ಇದನ್ನು ಕಂಡು ಮಾದರಿಯನ್ನೇ ಎಸೆಯಬೇಕೇ? ಅದರ ಬದಲು, ಮಾದರಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಿನ ಕೆಲಸ ನಮ್ಮದು ಎಂದುಕೊಳ್ಳುವುದು ಜಾಣತನ. ಕುರ್ಚಿಯಲ್ಲಿ ಕೂರುವ ಸಮಾಜಗಳು ಕುಕ್ಕರುಗಾಲಿನ ಅಳತೆಯನ್ನು ನಮಗೋಸ್ಕರ ತೆಗೆದುಕೊಡಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಸರಾಸರಿ ದೇಹದ ಮಿತಿಯನ್ನು ನೆನಪಿಡಲು ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದವರು ಅವರು. ಸರಾಸರಿ ತೋಳಿನ ಮಾದರಿಯನ್ನು ಕೇಳಿದ್ದರೆ ಈ ಕೈ ಬೌಲಿಂಗಿಗೆ ಆಗದು ಎನ್ನುತ್ತಿತ್ತೇನೋ. ಮಾದರಿ ಹೇಳಿದ್ದನ್ನು ಮನುಷ್ಯ ಸುಳ್ಳು ಮಾಡಿದಾಗ ತಿದ್ದಬೇಕಾದದ್ದು ಮಾದರಿಯನ್ನು ಎಂಬ ವಿವೇಕ ಪಾಠದ ಭಾಗವಾಗಬೇಕು.

ಮೂರನೆಯದು, ಮಕ್ಕಳು ಮೈದಾನ ಬಿಟ್ಟು ಪರದೆಗೆ ಅಂಟಿಕೊಳ್ಳುತ್ತಾರೆ ಎಂಬ ಆತಂಕ. ಸಿದ್ಧ ಚಿತ್ರಗಳನ್ನು ತೋರಿಸಿ ಪಾಠ ಮುಗಿಸಿದರೆ ಅದು ನಿಜವಾಗುತ್ತದೆ. ಬಣ್ಣಬಣ್ಣದ ಸ್ನಾಯುಗಳು ಕೆಂಪಾಗಿ ನೀಲಿಯಾಗಿ ಮಿನುಗುವುದನ್ನು ಕಂಡವರಿಗೆ ಅದು ಎಕ್ಸ್‌ರೇಯಷ್ಟೇ ನಿಜ ಅನಿಸಿಬಿಡುತ್ತದೆ, ಊಹೆ ಅಳತೆಯ ವೇಷ ಹಾಕಿಕೊಳ್ಳುತ್ತದೆ. ತಪ್ಪಿಸುವ ದಾರಿಯೂ ಇದೆ. ಚಲನೆಯನ್ನು ಮೊದಲು ವಿದ್ಯಾರ್ಥಿಯೇ ಮಾಡಬೇಕು, ಇಲ್ಲವೇ ಮೈದಾನದಲ್ಲಿ ನಿಂತು ಅಳೆಯಬೇಕು. ಉತ್ತರ ಏನು ಬರಬಹುದೆಂದು ಗುಂಡಿ ಒತ್ತುವ ಮುನ್ನ ಬರೆದಿಡಬೇಕು. ಬಂದ ಉತ್ತರವನ್ನು ಮತ್ತೆ ಮೈದಾನಕ್ಕೆ ಒಯ್ದು ನೋಡಬೇಕು. ಹೀಗೆ ಮಾಡಿದಲ್ಲಿ ಪರದೆಯ ಮುಂದಿನ ಒಂದು ಗಂಟೆ ಮೈದಾನದ ಎರಡು ಗಂಟೆಯನ್ನು ಬೇಡುತ್ತದೆ. ಖೊಖೊ, ಕಬಡ್ಡಿಗಳ ಚಲನೆಯ ಮೇಲೆ ಓಟ, ಫುಟ್‌ಬಾಲ್‌ಗಳಷ್ಟು ಅಧ್ಯಯನ ನಡೆದಿಲ್ಲ. ಇಲ್ಲಿನ ವಿದ್ಯಾರ್ಥಿ ಮಾಡುವ ಸಣ್ಣ ಅಳತೆಗೂ ಹೊಸತಾಗುವ ಅವಕಾಶವಿದೆ. ಯಾರೋ ಮಾಡಿ ಮುಗಿಸಿದ ಪ್ರಯೋಗವನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಕೊನೆಗೆ, ಕಲಿಸುವವರು ಯಾರು? ದೈಹಿಕ ಶಿಕ್ಷಣಕ್ಕೆ ಬರುವ ಅನೇಕರಿಗೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರುವುದಿಲ್ಲ, ವೆಕ್ಟರ್ ಎಂದರೆ ಗಾಬರಿ ಸಹಜ. ಆದರೆ ಮೇಲೆ ಮಾಡಿದ ಕಾಯಿಯ ಲೆಕ್ಕಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರ ಮಾತ್ರ. ಅಲ್ಲಿಂದ ಶುರುವಾದವರು ಉಳಿದದ್ದನ್ನು ಅಗತ್ಯ ಬಿದ್ದಾಗ ಹಿಡಿಯುತ್ತಾರೆ. ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಪದವಿ ಕಾಲೇಜುಗಳಲ್ಲಿ ಭೌತಶಾಸ್ತ್ರ, ಕಂಪ್ಯೂಟರ್ ಕಲಿಸುವವರೂ ದೈಹಿಕ ಶಿಕ್ಷಣ ನಿರ್ದೇಶಕರೂ ಒಂದೇ ಆವರಣದಲ್ಲಿದ್ದಾರೆ. ವಾರಕ್ಕೊಂದು ಅವಧಿ ಅವರನ್ನು ಒಟ್ಟಿಗೆ ಕೂರಿಸಲು ಹೊಸ ಕಟ್ಟಡ ಬೇಕಿಲ್ಲ, ವೇಳಾಪಟ್ಟಿಯಲ್ಲಿ ಒಂದು ಗೆರೆ ಸಾಕು. ಬದಲಾಗಬೇಕಾದ ಮುಖ್ಯ ಸಂಗತಿ ಪರೀಕ್ಷೆ. ಸನ್ನೆಕೋಲಿನ ಬಗೆಗಳನ್ನು ಚಿತ್ರ ಸಹಿತ ವಿವರಿಸಿ ಎಂಬ ಪ್ರಶ್ನೆ ಇರುವವರೆಗೆ ಯಾವ ತಂತ್ರಾಂಶ ತಂದರೂ ಅದು ಅಲಂಕಾರವೇ. ಅದರ ಜಾಗದಲ್ಲಿ ನಿಮ್ಮ ಊರಿನ ಒಂದು ಆಟವನ್ನೋ ಕೆಲಸವನ್ನೋ ಆರಿಸಿಕೊಳ್ಳಿ, ಒಂದು ಬದಲಾವಣೆ ಸೂಚಿಸಿ, ಫಲವನ್ನು ಮುಂಚೆ ಊಹಿಸಿ, ಅಳೆದು ಲೆಕ್ಕ ಹಾಕಿ, ನಿಮ್ಮ ಲೆಕ್ಕ ಎಲ್ಲಿ ನಂಬಲಾಗದು ಎಂದು ಬರೆಯಿರಿ ಎಂಬ ಪ್ರಾಯೋಗಿಕ ಪರೀಕ್ಷೆ ಬರಲಿ. ಕೊನೆಯ ಆ ಭಾಗಕ್ಕೇ ಹೆಚ್ಚು ಅಂಕವಿರಲಿ. ರಾಜ್ಯದಲ್ಲೇ ಅತಿ ಹೆಚ್ಚು ತೆಂಗು ಬೆಳೆಯುವ ಜಿಲ್ಲೆಯ ವಿದ್ಯಾರ್ಥಿಗಳು ಮೊನೆಯ ಸರಿಯಾದ ಎತ್ತರ ಎಷ್ಟೆಂದು ಅಳೆದು ಹೇಳಿದರೆ, ಅದರ ಉಪಯೋಗ ಪದಕ ಪಟ್ಟಿಯಲ್ಲಿ ಕಾಣಿಸದಿರಬಹುದು. ಕಾಯಿ ಸುಲಿಯುವವರ ಸೊಂಟಕ್ಕೆ ಖಂಡಿತ ಗೊತ್ತಾಗುತ್ತದೆ, ಮತ್ತು ವ್ಯಾಯಾಮ ವಿಜ್ಞಾನವನ್ನು ಸಾರ್ವಜನಿಕ ಹಣದಲ್ಲಿ ಕಲಿಸುವುದಕ್ಕೆ ಅಷ್ಟು ಕಾರಣ ಸಾಕು.